ಮಾತಾಡಬಾರದ ಬೆಂಚು

ಕಡೂರು

ಸ್ಕಾಟ್ಲೆಂಡಿಗೆ ಹೋಗುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ಯಾರೂ ಅಷ್ಟು ಬೆರಗಾಗಲಿಲ್ಲ. ಯಾಕೆ ಹೋಗುತ್ತೇನೆ ಎಂದು ಹೇಳಿದಾಗ ಮಾತ್ರ ನಮ್ಮ ಅತ್ತೆ ಕಾಯಿ ತುರಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅಲ್ಲಿನ ಮುದುಕರ ಜೊತೆ ಹರಟೆ ಹೊಡೆಯಲು ಹೋಗುತ್ತಿದ್ದೇನೆ ಎಂದಿದ್ದೆ.

"ಹರಟೋಕೆ ಇಲ್ಲಿ ಜನ ಸಾಲ್ದೇ ಹೋಯ್ತೇನೇ ನಿರ್ಮಲಾ?" ಎಂದು ಕೇಳಿದರು.

ಹಾಗೆ ನೋಡಿದರೆ ಇಲ್ಲಿ ಜನ ಹೆಚ್ಚಾದದ್ದೇ ತೊಂದರೆಯಾಗಿತ್ತು. ಅದನ್ನು ಸ್ವಲ್ಪ ವಿವರಿಸಬೇಕು.

ನಾನು ಕಡೂರಿನ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತೇನೆ. ಮನಶ್ಶಾಸ್ತ್ರದವರೆಂದರೆ ಮುಖ ನೋಡಿ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತಾರೆ ಎಂದು ನಮ್ಮ ಕಡೆ ಜನ ತಿಳಿದಿದ್ದಾರೆ. ಬಸ್ಸಿನಲ್ಲಿ ಪಕ್ಕ ಕೂತವರು ನನ್ನ ಕೆಲಸ ಗೊತ್ತಾದ ಕೂಡಲೇ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಳ್ಳುವುದುಂಟು. ನಿಜವಾಗಿ ನಾನು ಮಾಡುವುದು ಅದಕ್ಕಿಂತ ಸಪ್ಪೆ ಕೆಲಸ. ಮನುಷ್ಯರ ಬಗ್ಗೆ ಒಂದು ಮಾತು ನಿಜವೋ ಅಲ್ಲವೋ ಎಂದು ತಿಳಿಯಬೇಕಾದರೆ ಹೇಗೆ ಪರೀಕ್ಷೆ ಮಾಡಬೇಕು ಎನ್ನುವುದನ್ನು ಕಲಿಸುತ್ತೇನೆ.

ನಾವು ಕೈಗೆತ್ತಿಕೊಂಡಿದ್ದ ಪ್ರಶ್ನೆ ಸುಲಭದ್ದು. ವಯಸ್ಸಾದವರು ವಾರಕ್ಕೊಮ್ಮೆ ಒಟ್ಟಿಗೆ ಕೂತು ಹಳೆಯ ದಿನಗಳ ಬಗ್ಗೆ ಹರಟಿದರೆ ಅವರ ನೆನಪು ಚುರುಕಾಗುತ್ತದೆಯೇ? ನಾವು ಎಂದರೆ ನಾನು ಮತ್ತು ಎಲ್ಸ್‌ಪೆತ್ ಎಂಬ ಸ್ಕಾಟ್ಲೆಂಡಿನ ಸಂಶೋಧಕಿ. ಹರಟೆಗೆ ಬಂದವರನ್ನಷ್ಟೇ ಪರೀಕ್ಷಿಸಿ ಹೌದು ಎಂದುಬಿಡುವ ಹಾಗಿಲ್ಲ. ಹರಟಲು ಬರುವವರು ಮೊದಲೇ ಚುರುಕಾಗಿರಬಹುದು. ಅದಕ್ಕಾಗಿ ಎಲ್ಲರಿಂದಲೂ ಚೀಟಿ ಎತ್ತಿಸುತ್ತೇವೆ. ಅರ್ಧ ಜನಕ್ಕೆ ಹರಟೆ ಬರುತ್ತದೆ, ಅರ್ಧ ಜನಕ್ಕೆ ಕಾಯುವುದು ಬರುತ್ತದೆ. ಎರಡೂ ಗುಂಪಿಗೆ ಮೊದಲೊಮ್ಮೆ, ಕೊನೆಗೊಮ್ಮೆ ಒಂದೇ ರೀತಿಯ ನೆನಪಿನ ಪರೀಕ್ಷೆ. ಪರೀಕ್ಷೆ ಮಾಡುವವರಿಗೆ ಎದುರಿಗಿರುವವರು ಯಾವ ಗುಂಪಿನವರು ಎಂದು ಗೊತ್ತಿರಬಾರದು. ಕಾಯುವವರನ್ನು ಪುಸ್ತಕದಲ್ಲಿ ಕಂಟ್ರೋಲ್ ಗ್ರೂಪ್ ಅನ್ನುತ್ತಾರೆ. ಎಲ್ಲ ಮುಗಿದ ಮೇಲೆ ಅವರಿಗೂ ಹರಟೆ ಸಿಗುತ್ತದೆ.

ಕಡೂರು, ತರೀಕೆರೆ, ಅಜ್ಜಂಪುರ ಮೂರು ಕಡೆಯೂ ಇದನ್ನು ಮಾಡಿದೆವು. ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದಾಗ ತರೀಕೆರೆಯ ಹಿರಿಯರೊಬ್ಬರು ಅದನ್ನು ಹಿಂದೆ ಮುಂದೆ ತಿರುಗಿಸಿ, ಖಾತೆ ಬದಲಾಯಿಸೋ ಕಾಗದ ಅಲ್ವಲ್ಲ ಎಂದು ಮಗನನ್ನು ಕರೆಸಿ ಓದಿಸಿದರು. ಕಡೂರಿನ ಹತ್ತಿರದ ಸಿಂಗಟಗೆರೆಯಲ್ಲಿ, ಚೀಟಿ ಎತ್ತುವ ಮೊದಲಿನ ಪರೀಕ್ಷೆಯಲ್ಲಿ, ಅಜ್ಜಿಯೊಬ್ಬರಿಗೆ ಪದಗಳನ್ನು ಓದಿ ಹೇಳಿ, ನೆನಪಿರುವಷ್ಟನ್ನು ಹೇಳಿ ಎಂದರೆ, ಬಾಗಿಲ ಹಿಂದಿನಿಂದ ಸೊಸೆ, ಕಿಟಕಿಯಿಂದ ಪಕ್ಕದ ಮನೆಯಾಕೆ ಉತ್ತರ ಒದಗಿಸತೊಡಗಿದರು. ಅವರನ್ನೆಲ್ಲ ಆಚೆ ಕಳಿಸಿದ ಮೇಲೆ ಅಜ್ಜಿ ನನ್ನ ಕೈ ಹಿಡಿದು, "ನಿಂಗೆ ಯಾವ ಉತ್ರ ಬಂದ್ರೆ ಅನುಕೂಲ ಆಯ್ತದೆ ಹೇಳವ್ವ, ಅದನ್ನೇ ಹೇಳ್ತೀನಿ" ಎಂದರು. ಪರೀಕ್ಷಕರನ್ನು ಮೆಚ್ಚಿಸಲು ಜನ ಉತ್ತರ ಬದಲಾಯಿಸುತ್ತಾರೆ ಎಂದು ನಾನು ವರ್ಷಗಟ್ಟಲೆ ಪಾಠ ಮಾಡಿದ್ದೇನೆ. ಇಷ್ಟು ಅಕ್ಕರೆಯಿಂದ ಬದಲಾಯಿಸುತ್ತಾರೆ ಎಂದು ಪಾಠದಲ್ಲಿ ಇರಲಿಲ್ಲ.

ಕೊನೆಗೆ ಎರಡು ಗುಂಪಿನ ನಡುವೆ ಏನೂ ವ್ಯತ್ಯಾಸ ಕಾಣಲಿಲ್ಲ. ನೋಡಲು ಬಂದಿದ್ದ ಎಲ್ಸ್‌ಪೆತ್ ಒಂದು ಬೆಳಗ್ಗೆ ಪೂರ್ತಿ ಕಡೂರಿನ ನಮ್ಮ ಜಗಲಿಯ ಮೇಲೆ ಕೂತು ಬೀದಿ ನೋಡಿದರು. ಕಾಯುವ ಗುಂಪಿನ ಅಜ್ಜ ಅಜ್ಜಿಯರೆಲ್ಲ ಅದೇ ಬೀದಿಯಲ್ಲಿ ಬೆಳಗಿನಿಂದ ಹರಟುತ್ತಿದ್ದರು. ನಾವು ವಾರಕ್ಕೊಂದು ಗಂಟೆ ಕೊಡುತ್ತಿದ್ದ ಔಷಧಿಯನ್ನು ಇವರು ದಿನವಿಡೀ ಬಿಟ್ಟಿಯಾಗಿ ಕುಡಿಯುತ್ತಿದ್ದರು.

ಹಾಗಾಗಿ ಮುದುಕರು ಒಂಟಿಯಾಗಿ ಬದುಕುವ ಊರಿನಲ್ಲಿ ಇದನ್ನು ಇನ್ನೊಮ್ಮೆ ಮಾಡಬೇಕಾಯಿತು. ಎಲ್ಸ್‌ಪೆತ್ ತಮ್ಮದೇ ಊರನ್ನು ಆರಿಸಿದರು. ಹರಟೆ ಎರಡೂ ದೇಶದಲ್ಲಿ ಒಂದೇ ಬಗೆಯಲ್ಲಿ ನಡೆಯಲಿ ಎಂದು ನನ್ನನ್ನು ಕರೆಸಿಕೊಂಡರು. ಅಲ್ಲಿಯೂ ಏನೂ ಕಾಣದಿದ್ದರೆ ಯೋಜನೆಯನ್ನು ಮುಚ್ಚುವುದೆಂದು ಮೊದಲೇ ತೀರ್ಮಾನವಾಗಿತ್ತು. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, ಆಯ್ತು ಹೋಗಿ ಬಾ ಎಂದು ಒಂದು ದೊಡ್ಡ ಡಬ್ಬಿ ತುಂಬ ಕೋಡುಬಳೆ ಕರಿದುಕೊಟ್ಟರು.

ತಪಾಸಣೆಯ ಸಾಲುಗಳು

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಕೊರಳಿನ ಕರಡಿಗೆ ಯಾರಿಗೂ ತೊಂದರೆ ಕೊಡಲಿಲ್ಲ. ಬೆಳ್ಳಿಯ ಕರಡಿಗೆಯೊಳಗೆ ಇಷ್ಟಲಿಂಗ ಇರುತ್ತದೆ ಎಂದು ಅಲ್ಲಿ ತಪಾಸಣೆಗೆ ನಿಂತ ಹೆಣ್ಣುಮಗಳಿಗೆ ಗೊತ್ತಿತ್ತು. ನಡುದಾರಿಯಲ್ಲಿ ವಿಮಾನ ಬದಲಿಸುವ ಕಡೆ ಮಾತ್ರ ಸಾಲು ನಿಂತುಹೋಯಿತು. ಅದನ್ನು ಬಿಚ್ಚಿ ತಟ್ಟೆಯಲ್ಲಿ ಹಾಕಿ ಎಂದರು. ಇದು ನನ್ನ ದೇವರು, ಮೈಯಿಂದ ದೂರ ಮಾಡುವುದಿಲ್ಲ ಎಂದೆ. ಅಲ್ಲಿದ್ದ ಅಧಿಕಾರಿಣಿ ಸ್ವಲ್ಪ ಯೋಚಿಸಿ, ಹಾಗಾದರೆ ಅಂಗೈಯಲ್ಲಿ ಹಿಡಿದುಕೊಂಡು ಬನ್ನಿ ಎಂದು ಪಕ್ಕದ ಕೋಣೆಗೆ ಕರೆದೊಯ್ದು, ದಿನವೂ ಪೂಜೆ ಮಾಡುವಾಗ ನಾನು ಹಿಡಿಯುವ ಹಾಗೆಯೇ ಹಿಡಿಸಿ ನೋಡಿದರು. ಆಮೇಲೆ ತಮ್ಮ ಕೊರಳಿನ ಸರದಲ್ಲಿದ್ದ ಸಣ್ಣ ತಾಯಿತವನ್ನು ಹೊರಗೆಳೆದು ತೋರಿಸಿ ನಕ್ಕರು.

ಎಡಿನ್‌ಬರೋದಲ್ಲಿ ಪಾಸ್‌ಪೋರ್ಟ್ ನೋಡಿದವನು ಬಂದ ಕಾರಣ ಕೇಳಿದ. ಸಂಶೋಧನೆ ಎಂದೆ. ಯಾವುದರ ಬಗ್ಗೆ ಎಂದ. ವಯಸ್ಸಾದವರ ಜೊತೆ ಮಾತಾಡುವುದರ ಬಗ್ಗೆ ಎಂದೆ. ಅವನು ನನ್ನನ್ನೂ ಕಾಗದವನ್ನೂ ಎರಡು ಸಲ ನೋಡಿ ಮುದ್ರೆ ಒತ್ತಿ, ಸಮಯ ಸಿಕ್ಕರೆ ನಮ್ಮ ಅಜ್ಜಿಯನ್ನೂ ಮಾತಾಡಿಸಿ ಎಂದು ಕಳಿಸಿದ.

ಆರ್ಬ್ರೋತ್

ಎಡಿನ್‌ಬರೋದಿಂದ ಎಲ್ಸ್‌ಪೆತ್ ಅವರ ಊರಾದ ಆರ್ಬ್ರೋತ್‌ಗೆ ರೈಲು. ದಾರಿಯಲ್ಲಿ ಸಮುದ್ರ ನೆಲದೊಳಕ್ಕೆ ಚಾಚಿಕೊಂಡ ಎರಡು ಕಡೆ ಉದ್ದುದ್ದ ಸೇತುವೆ. ನಾನು ಎರಡು ಸಲವೂ ಅಭ್ಯಾಸಬಲದಿಂದ ಎದ್ದು ನಿಂತು ಚಿಲ್ಲರೆ ಕಾಸು ಹುಡುಕಿದೆ. ನಮ್ಮಲ್ಲಿ ಹೊಳೆ ದಾಟುವಾಗ ಕಾಸು ಎಸೆಯದೆ ಕೂತವರಿಲ್ಲ. ಇಲ್ಲಿನ ರೈಲಿನ ಕಿಟಕಿ ತೆರೆಯುವುದೇ ಇಲ್ಲ. ಕಾಸನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಕೂತೆ.

ಆರ್ಬ್ರೋತ್ ಕೆಂಪು ಕಲ್ಲಿನ ಸಣ್ಣ ಊರು, ಒಂದು ಬಂದರು, ಪಾಳುಬಿದ್ದ ದೊಡ್ಡ ಮಠದಂಥ ಚರ್ಚು. ಹೊಗೆಯಲ್ಲಿ ಬೇಯಿಸಿದ ಮೀನಿಗೆ ಈ ಊರು ಹೆಸರುವಾಸಿ. ಹುಟ್ಟಿದಾಗಿನಿಂದ ಮೀನು ಮುಟ್ಟದ ನಾನು ಇಳಿದ ಗಳಿಗೆಯಿಂದ ಆ ವಾಸನೆಯೊಳಗೇ ಓಡಾಡಿದೆ. ನಾನು ಉಳಿದುಕೊಂಡ ಮನೆಯ ಒಡತಿ ಜೀನ್ ನನಗಾಗಿ ತರಕಾರಿ ಸಾರು ಮಾಡಿಟ್ಟಿದ್ದರು. ಚೆನ್ನಾಗಿದೆ, ಹೇಗೆ ಮಾಡಿದಿರಿ ಎಂದು ಚಮಚ ಎತ್ತುವ ಮೊದಲೇ ಉಪಚಾರಕ್ಕೆ ಕೇಳಿದ್ದು ನನ್ನ ಪುಣ್ಯ. ಬೇಳೆ, ಕ್ಯಾರೆಟ್, ರುಚಿಗೆ ಒಂದು ಹಂದಿಯ ಮೂಳೆ ಎಂದರು. ನನ್ನ ಮುಖ ನೋಡಿ, ಮೂಳೆಯನ್ನು ತೆಗೆದುಬಿಟ್ಟಿದ್ದೇನೆ ಎಂದು ಸಮಾಧಾನ ಹೇಳಿದರು. ಆಮೇಲೆ ವಿಷಯ ತಿಳಿದು ಪಾಪ, ನನಗಿಂತ ಅವರೇ ಹೆಚ್ಚು ನೊಂದುಕೊಂಡರು. ಮಾರನೆಯ ದಿನದಿಂದ ಆಲೂಗಡ್ಡೆಯನ್ನು ತಮಗೆ ಗೊತ್ತಿದ್ದ ಎಲ್ಲ ರೂಪದಲ್ಲೂ ಬಡಿಸಿದರು.

ಟೀ ವಿಷಯದಲ್ಲಿ ಮಾತ್ರ ನಾನು ಕಷ್ಟಪಟ್ಟೆ. ನಮ್ಮಲ್ಲಿ ಟೀ ಕುಡೀತೀರಾ ಎಂದರೆ ಮೊದಲು ಬೇಡ ಅನ್ನಬೇಕು, ಅವರು ಒತ್ತಾಯ ಮಾಡಬೇಕು, ಆಮೇಲೆ ಅರ್ಧ ಲೋಟ ಸಾಕು ಎಂದು ಒಂದು ಲೋಟ ಕುಡಿಯಬೇಕು. ಇಲ್ಲಿ ಬೇಡ ಎಂದರೆ ಸರಿ ಎಂದು ಹೋಗಿಬಿಡುತ್ತಾರೆ. ಮೊದಲ ಎರಡು ದಿನ ಎಲ್ಲರ ಮನೆಯ ಟೀಯನ್ನೂ ಹೀಗೇ ಕಳೆದುಕೊಂಡೆ.

ಚರ್ಚಿನ ಸಭಾಂಗಣ

ಚೀಟಿ ಎತ್ತುವ ದಿನ ಚರ್ಚಿನ ಸಭಾಂಗಣಕ್ಕೆ ಎಲ್ಲರೂ ಹೇಳಿದ ಸಮಯಕ್ಕೆ ಮೊದಲೇ ಬಂದು ಕೂತಿದ್ದರು. ಎಲ್ಲರಿಗಿಂತ ಮೊದಲು ಬಂದವರು ಅಲೆಕ್. ಎಂಬತ್ತರ ಆಸುಪಾಸು, ಟೈ ಕಟ್ಟಿ, ಬೂಟು ಹೊಳೆಯುವ ಹಾಗೆ ಉಜ್ಜಿಕೊಂಡು, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡಿದ್ದರು. ಬಸ್ ಚಾಲಕರಾಗಿದ್ದವರು. ಹೆಂಡತಿ ತೀರಿಕೊಂಡು ಕೆಲವು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಹಬ್ಬಕ್ಕೆ ಹೊರಟವರ ಹಾಗೆ ಸಿದ್ಧವಾಗಿ ಬಂದಿದ್ದ ಅವರನ್ನು ನೋಡಿ ನನಗೆ ಒಳಗೊಳಗೇ ಇವರಿಗೆ ಹರಟೆಯ ಚೀಟಿ ಬರಲಿ ಎನ್ನಿಸಿತು.

ಅವರು ಎತ್ತಿದ ಚೀಟಿಯ ಲಕೋಟೆ ಒಡೆದು ಓದಿದ್ದು ನಾನೇ. ಕಾಯುವ ಗುಂಪು.

ಅವರ ಇಂಗ್ಲಿಷು ನಮ್ಮ ಕಡೆಯ ಕನ್ನಡದ ಹಾಗೆ ಪದದ ಕೊನೆಯನ್ನು ಕತ್ತರಿಸಿಕೊಂಡು ಓಡುತ್ತಿತ್ತು. ಅದಕ್ಕೇ ಅವರ ಮಾತನ್ನು ಬರೆಯುವಾಗ ನನಗೆ ನನ್ನ ತವರು ಅಜ್ಜಂಪುರದ ಕನ್ನಡವೇ ಸರಿಯೆನ್ನಿಸುತ್ತದೆ. "ಆಗ್ಲಿ ಬಿಡಮ್ಮ, ಯಾರಾದ್ರೂ ಕಾಯ್ಲೇಬೇಕಲ್ಲ" ಎಂದು ಟೋಪಿ ಹಾಕಿಕೊಂಡು ಹೊರಟರು. ಬಾಗಿಲ ಹತ್ತಿರ ಒಂದು ಸಲ ತಿರುಗಿ, ಒಳಗೆ ವೃತ್ತಾಕಾರವಾಗಿ ಜೋಡಿಸಿದ್ದ ಕುರ್ಚಿಗಳನ್ನು ನೋಡಿದರು.

ಹರಟೆಯ ಮೊದಲ ದಿನ ನನಗೆ ಬೆವರು ಬಂತು. ಚಿಕ್ಕವರಿದ್ದಾಗ ನಿಮ್ಮ ಮನೆಯಲ್ಲಿ ಬಟ್ಟೆ ಹೇಗೆ ಒಗೆಯುತ್ತಿದ್ದರು ಎಂಬುದು ನಮ್ಮ ಮೊದಲ ಪ್ರಶ್ನೆ. ತರೀಕೆರೆಯಲ್ಲಿ ಇದನ್ನು ಕೇಳಿದಾಗ ಎಲ್ಲರೂ ಒಟ್ಟಿಗೆ ಶುರುಮಾಡಿ, ಒಗೆಯುವ ಕಲ್ಲಿನ ಸರದಿಗಾಗಿ ಯಾರ ಅತ್ತೆ ಯಾರ ಅತ್ತೆಯ ಮೇಲೆ ಜಗಳ ತೆಗೆದಿದ್ದಳು ಎಂಬಲ್ಲಿಗೆ ಮುಟ್ಟಿ ನಾನೇ ಬಿಡಿಸಬೇಕಾಗಿತ್ತು. ಇಲ್ಲಿ ಕೇಳಿದರೆ ಬಿಸ್ಕತ್ತು ಕಡಿಯುವ ಸದ್ದು. ಪ್ರತಿಯೊಬ್ಬರೂ ಪಕ್ಕದವರು ಮೊದಲು ಮಾತಾಡಲಿ ಎಂದು ಮರ್ಯಾದೆಯಿಂದ ಕಾಯುತ್ತಿದ್ದರು. ನಿಯಮದ ಪ್ರಕಾರ ನಾನು ಉತ್ತರ ಹೇಳಿಕೊಡುವ ಹಾಗಿಲ್ಲ, ತಿವಿಯುವ ಹಾಗಿಲ್ಲ. ಬಾಯಿ ಬಿಗಿ ಹಿಡಿದು ಕೂತೆ. ಕೊನೆಗೆ ಒಬ್ಬ ಹೆಂಗಸು, ಇದೇನೂ ಸ್ವಾರಸ್ಯದ ವಿಷಯವಲ್ಲ, ಕ್ಷಮಿಸಿ ಎಂದು ಕ್ಷಮೆ ಕೇಳಿಯೇ ಶುರುಮಾಡಿ, ತನ್ನ ತಮ್ಮನನ್ನು ಬಟ್ಟೆಯ ಜೊತೆ ಬಾನಿಯಲ್ಲಿ ನೆನೆಹಾಕಿದ ಕಥೆ ಹೇಳಿದಳು. ಆಮೇಲೆ ಯಾರೂ ನಿಲ್ಲಲಿಲ್ಲ. ಎರಡನೆಯ ವಾರಕ್ಕೆ ನಾನು ಬಂದಾಗ ಅವರು ಆಗಲೇ ಶುರುಮಾಡಿಕೊಂಡಿದ್ದರು.

ಬಂದರಿನ ಬೆಂಚು

ದಿನಕ್ಕೆ ಒಂದಷ್ಟು ಜನರಂತೆ ಹರಟೆ ನಡೆಯುತ್ತಿದ್ದ ಸಭಾಂಗಣದಿಂದ ಜೀನ್ ಮನೆಗೆ ಹೋಗುವ ದಾರಿ ಬಂದರಿನ ಪಕ್ಕದಲ್ಲಿ. ಅಲ್ಲೊಂದು ಬೆಂಚು, ಬೆಂಚಿನ ಮೇಲೆ ದಿನವೂ ಅಲೆಕ್. ಮೊದಲ ದಿನ ಟೋಪಿ ಎತ್ತಿ, ಗಾಳಿ ಜಾಸ್ತಿ ಇವತ್ತು ಎಂದರು. ಹೌದು ಎಂದೆ. ಎರಡನೆಯ ದಿನ ತಮ್ಮ ಪಕ್ಕದಲ್ಲಿ ಜಾಗ ಮಾಡಿ, ನೀವು ಯಾವ ದೇಶದವರು ಎಂದು ಕೇಳಿದರು. ಆಗ ನನಗೆ ಹೊಳೆಯಿತು. ನಾನು ಇಲ್ಲಿ ಕೂತು ಮಾತಾಡಿದರೆ ಒಳಗಿನ ಗುಂಪಿಗೆ ಕೊಡುವುದನ್ನೇ ಇವರಿಗೂ ಕೊಟ್ಟಹಾಗೆ. ಕಡೂರಿನ ಜಗಲಿಯಲ್ಲಿ ಆದದ್ದನ್ನೇ ನಾನು ಇಲ್ಲಿ ನನ್ನ ಕೈಯಾರೆ ಮಾಡಿದ ಹಾಗೆ. ತಡವಾಯಿತು ಎಂದು ಏನೋ ಗೊಣಗಿ ಹೊರಟುಬಿಟ್ಟೆ.

ಎಲ್ಸ್‌ಪೆತ್‌ಗೆ ಹೇಳಿದಾಗ, ಬೇರೆ ದಾರಿಯಿದೆ, ಸ್ವಲ್ಪ ಸುತ್ತು ಎಂದರು. ಆ ದಾರಿಯಲ್ಲಿ ಹೋದೆ. ನಡೆಯುತ್ತಾ ಕೋಡುಬಳೆ ತಿನ್ನುತ್ತಿದ್ದಾಗ ಹಿಂದಿನಿಂದ ಒಂದು ಕಡಲಹಕ್ಕಿ ಬಂದು ಕೈಯಲ್ಲಿದ್ದುದನ್ನು ಕಿತ್ತುಕೊಂಡು ಹೋಯಿತು. ಕೋಳಿಗಿಂತ ದೊಡ್ಡ ಹಕ್ಕಿ. ಅದು ಗೋಡೆಯ ಮೇಲೆ ಕೂತು ನಮ್ಮತ್ತೆಯ ಕೋಡುಬಳೆಯನ್ನು ಮುರಿಯಲಾರದೆ ಒದ್ದಾಡಿತು ಎನ್ನುವುದೊಂದೇ ಸಮಾಧಾನ. ಮಾರನೆಯ ದಿನ ಮತ್ತೆ ಬಂದರಿನ ದಾರಿಗೇ ಬಂದೆ. ಹಕ್ಕಿಯ ನೆಪ. ನಿಜವಾಗಿ ನನಗೆ ಆ ಮನುಷ್ಯನ ಮುಂದೆ ತಲೆತಪ್ಪಿಸಿಕೊಂಡು ಓಡಾಡುವುದು ಆಗುತ್ತಿರಲಿಲ್ಲ.

ನೇರವಾಗಿ ಹೇಳಿಬಿಟ್ಟೆ. ನೀವು ಕಾಯುವ ಗುಂಪಿನಲ್ಲಿರುವ ತನಕ ನಾನು ನಿಮ್ಮ ಜೊತೆ ಮಾತಾಡುವ ಹಾಗಿಲ್ಲ. ಆದರೆ ನೀವು ಸಹಿ ಮಾಡಿದ ಕಾಗದದಲ್ಲೇ ಬರೆದಿದೆ, ಯಾವಾಗ ಬೇಕಾದರೂ, ಕಾರಣ ಕೊಡದೆ, ಈ ಅಧ್ಯಯನವನ್ನು ಬಿಟ್ಟುಬಿಡಬಹುದು. ಬಿಟ್ಟರೆ ಈಗಲೇ ಕೂತು ಮಾತಾಡೋಣ. ಹೀಗೆ ಹೇಳುವುದು ಅವರ ಹಕ್ಕನ್ನು ನೆನಪಿಸಿದ್ದೋ, ಬಿಡಲು ಪುಸಲಾಯಿಸಿದ್ದೋ ನನಗೇ ಗೊತ್ತಾಗಲಿಲ್ಲ.

ಅವರು ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. "ನಾನು ಬಸ್ ಓಡ್ಸಿದಷ್ಟು ವರ್ಷವೂ ತಲೆ ಮೇಲೆ ಒಂದು ಬೋರ್ಡ್ ಇತ್ತು ಕಣಮ್ಮ. ಡ್ರೈವರ್ ಹತ್ರ ಮಾತಾಡ್ಬೇಡಿ ಅಂತ. ಇನ್ನೊಂದಷ್ಟು ವಾರ ಏನ್ ಮಹಾ. ನಾನು ಬಿಡಾಕಿಲ್ಲ."

ನಮ್ಮ ಕಡೂರು ತರೀಕೆರೆ ಬಸ್ಸಿನಲ್ಲೂ ಅದೇ ಬೋರ್ಡ್ ಇದೆ, ಅದರ ಕೆಳಗೇ ಒರಗಿ ನಿಂತು ಜನ ಚಾಲಕನಿಗೆ ಮಗಳ ಮದುವೆಯ ವಿಷಯ ಹೇಳುತ್ತಾರೆ ಎಂದು ಹೇಳಬೇಕೆಂದು ನಾಲಿಗೆ ತುದಿಗೆ ಬಂತು. ನುಂಗಿಕೊಂಡೆ. ನಿಂತೇ ಇದ್ದೆ. ಅವರು ಬೆಂಚಿನ ಖಾಲಿ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿ, ತುಟಿಯ ಮೇಲೆ ಬೆರಳಿಟ್ಟುಕೊಂಡರು. ಕೂತೆ. ಇಬ್ಬರೂ ಬಾಯಿ ಬಿಡದೆ ದೋಣಿಗಳನ್ನು ನೋಡಿದೆವು.

ಮಾರನೆಯ ದಿನ ಎಲ್ಸ್‌ಪೆತ್‌ಗೆ ಇದನ್ನೂ ಹೇಳಿದೆ. ಅವರು ತಮ್ಮ ನಿಯಮಗಳನ್ನು ಮನಸ್ಸಿನಲ್ಲೇ ಓದಿಕೊಂಡು, ನಾವು ಪರೀಕ್ಷಿಸುತ್ತಿರುವುದು ಮಾತನ್ನು, ಸುಮ್ಮನೆ ಕೂರುವುದನ್ನು ಅಲ್ಲವಲ್ಲ ಎಂದರು. ಕೋಡುಬಳೆ ಕೊಡಬಹುದೇ ಎಂದು ಕೇಳಿದೆ. ನಿಯಮಾವಳಿ ಕೋಡುಬಳೆಯ ಬಗ್ಗೆ ಏನೂ ಹೇಳುವುದಿಲ್ಲ ಎಂದು ಗಂಭೀರವಾಗಿ ಉತ್ತರಿಸಿದರು.

ಹಾಗೆ ಅದೊಂದು ಪರಿಪಾಠವಾಯಿತು. ಸಂಜೆ ಬೆಂಚಿಗೆ ಬಂದರೆ ಟೋಪಿ ಎತ್ತುವುದು, ಡಬ್ಬಿ ತೆರೆಯುವುದು, ಒಬ್ಬರಿಗೊಂದು ಕೋಡುಬಳೆ. ಅವರ ಹಲ್ಲು ಗಟ್ಟಿಯಿರಲಿಲ್ಲ, ಬಾಯಲ್ಲಿಟ್ಟು ನೆನೆಸಿಕೊಂಡು ತಿನ್ನುತ್ತಿದ್ದರು. ಖಾರಕ್ಕೆ ಮೊದಲ ದಿನ ಕಣ್ಣಲ್ಲಿ ನೀರು ಬಂತು, ಆದರೂ ಎರಡನೆಯದಕ್ಕೆ ಕೈ ಚಾಚಿದರು. ಇಡೀ ಜನ್ಮದಲ್ಲಿ ನಾನು ಎಚ್ಚರವಿದ್ದೂ ಅಷ್ಟು ಹೊತ್ತು ಮಾತಿಲ್ಲದೆ ಯಾರ ಪಕ್ಕದಲ್ಲೂ ಕೂತವಳಲ್ಲ. ಫೋನಿನಲ್ಲಿ ಇದನ್ನು ಕೇಳಿದ ನಮ್ಮ ಯಜಮಾನರು, ಊರಿಗೆ ಬಂದ ಮೇಲೂ ಅಭ್ಯಾಸ ಮುಂದುವರಿಸಬಹುದು ಎಂದರು.

ಮಂಜು ಬಂದ ದಿನ

ಆ ಕರಾವಳಿಯಲ್ಲಿ ಬೇಸಿಗೆಯ ನಡುವೆ ಇದ್ದಕ್ಕಿದ್ದಂತೆ ಸಮುದ್ರದಿಂದ ದಟ್ಟ ಮಂಜು ಏಳುತ್ತದೆ. ಅಂಥ ಒಂದು ಸಂಜೆ ಬೆಂಚು ಖಾಲಿಯಿತ್ತು. ಮಂಜಿಗೆ ಬಂದಿಲ್ಲ ಎಂದುಕೊಂಡೆ. ಮರುದಿನ ಬಿಸಿಲು ಬಂತು, ಅಲೆಕ್ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಎಲ್ಸ್‌ಪೆತ್ ಊರಿನಲ್ಲಿರಲಿಲ್ಲ, ಫೋನಿಗೂ ಸಿಗಲಿಲ್ಲ. ಅಲೆಕ್ ಮನೆಯಿದ್ದ ಬೀದಿಯನ್ನು ಜೀನ್ ತೋರಿಸಿದರು. ಬಾಗಿಲ ಮುಂದೆ ಹೋಗಿ ನಿಂತೆ. ಒಳಗೆ ಪರದೆ ಎಳೆದಿತ್ತು. ಬಡಿದರೆ ಕಾಯುವ ಗುಂಪಿನವರ ಮನೆಗೆ ಹೋದ ಹಾಗೆ. ಆ ಗುಂಪಿನ ಉಳಿದ ಯಾರ ಮನೆಗೂ ನಾನು ಹೋಗಿಲ್ಲ, ಇವರೊಬ್ಬರಿಗೆ ಮಾತ್ರ ಬೇರೆ ನಡವಳಿಕೆ ಆಗುತ್ತದೆ. ಎಲ್ಲರನ್ನೂ ಒಂದೇ ರೀತಿ ನಡೆಸಿಕೊಳ್ಳದಿದ್ದರೆ ಕೊನೆಗೆ ಸಿಕ್ಕ ಉತ್ತರಕ್ಕೆ ಬೆಲೆಯಿಲ್ಲ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆ. ಇದೇ ನಮ್ಮ ಕಡೆಯಾಗಿದ್ದರೆ ಇಷ್ಟು ಹೊತ್ತಿಗೆ ನಾಲ್ಕು ಮನೆಯವರು ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ಒಬ್ಬರು ಗಂಜಿ ಕಾಯಿಸಿ, ಇನ್ನೊಬ್ಬರು ಡಾಕ್ಟರನ್ನು ಕರೆತಂದಿರುತ್ತಿದ್ದರು.

ಬಾಗಿಲು ಬಡಿದೆ. ಪರೀಕ್ಷೆ ಕೆಟ್ಟರೆ ಕೆಡಲಿ, ಎಲ್ಸ್‌ಪೆತ್‌ಗೆ ನಾನೇ ಹೇಳುತ್ತೇನೆ ಎಂದು ಅಷ್ಟರಲ್ಲಿ ನಿರ್ಧಾರ ಮಾಡಿದ್ದೆ.

ತುಂಬ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಕಂಬಳಿ ಹೊದ್ದ ಅಲೆಕ್, ಮೂಗು ಕೆಂಪಗಾಗಿತ್ತು. ನನ್ನನ್ನು ನೋಡಿ ಒಂದು ಕ್ಷಣ ಬೆರಗಾದರು. ನಾನು ಬಾಯಿ ತೆರೆಯುವ ಮೊದಲೇ ತುಟಿಯ ಮೇಲೆ ಬೆರಳಿಟ್ಟುಕೊಂಡು, ನಿಯಮ ನಿಯಮವೇ ಎನ್ನುವಂತೆ ತಲೆಯಾಡಿಸಿದರು. ಆಮೇಲೆ ಅಡುಗೆಮನೆಯ ಕಡೆ ಕೈ ತೋರಿಸಿದರು. ಅವರ ಕಪಾಟಿನಲ್ಲಿ ಮೆಣಸಿನ ಪುಡಿಯಿತ್ತು, ಶುಂಠಿ ಪುಡಿ ಯಾವ ಕಾಲದ್ದೋ ಒಂದು ಡಬ್ಬಿಯಲ್ಲಿತ್ತು, ಬೆಲ್ಲದ ಬದಲಿಗೆ ಜೇನು. ಕಷಾಯ ಕುದಿಸಿ ಲೋಟ ಕೈಗಿಟ್ಟೆ. ಒಂದು ಗುಟುಕು ಕುಡಿದು ನನ್ನನ್ನು ದುರುಗುಟ್ಟಿ ನೋಡಿದರು. ನಾನೂ ನಮ್ಮತ್ತೆಯ ಹಾಗೆ ಸೊಂಟಕ್ಕೆ ಕೈಕೊಟ್ಟು ನಿಂತೆ. ಪೂರ್ತಿ ಕುಡಿದರು. ಲೋಟ ತೊಳೆದಿಟ್ಟು ಹೊರಬಂದೆ. ಆ ಮನೆಯಲ್ಲಿ ಇಬ್ಬರೂ ಒಂದಕ್ಷರ ಆಡಿರಲಿಲ್ಲ.

ಎಲ್ಸ್‌ಪೆತ್ ಬಂದ ಮೇಲೆ ನಡೆದದ್ದನ್ನೆಲ್ಲ ಹೇಳಿದೆ. ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋಗಿದ್ದೆ. ಅವರು ಕನ್ನಡಕ ತೆಗೆದು ಒರೆಸಿ, ನಾನಾಗಿದ್ದರೂ ಬಾಗಿಲು ಬಡಿಯುತ್ತಿದ್ದೆ ಎಂದರು. ಆಮೇಲೆ, ನಡೆದದ್ದು ನಡೆದ ಹಾಗೆ ವರದಿಗೆ ಹೋಗಬೇಕು, ಕಷಾಯದ ಸಮೇತ ಎಂದರು.

ಕೊನೆಯ ವಾರ

ಕೊನೆಯ ಪರೀಕ್ಷೆಗಳು ಮುಗಿದವು. ಫಲಿತಾಂಶ ಗೊತ್ತಾದದ್ದು ನಾನು ಊರಿಗೆ ಮರಳಿದ ಮೇಲೆ. ಹರಟಿದವರ ನೆನಪು ಕಾದವರದಕ್ಕಿಂತ ತುಸು ಮುಂದಿತ್ತು. ಬಾಜಾಬಜಂತ್ರಿ ಬಾರಿಸುವಷ್ಟಲ್ಲ, ಯೋಜನೆಯನ್ನು ಮುಚ್ಚದೆ ಉಳಿಸುವಷ್ಟು. ಅದಕ್ಕೇ ನಾನು ಕಾಲೇಜಿನಲ್ಲಿ ಹುಡುಗರಿಗೆ ಲಾಡು ಹಂಚಿದೆ.

ಆದರೆ ನಾನು ಹೇಳಬೇಕೆಂದಿರುವುದು ಹೊರಡುವ ಮುಂಚಿನ ಸಂಜೆಯ ವಿಷಯ. ಅಲೆಕ್ ಅವರ ಪರೀಕ್ಷೆ ಮುಗಿದು ಅವರಿಗೆ ಮಾತಾಡುವ ಸ್ವಾತಂತ್ರ್ಯ ಬಂದಿತ್ತು. ಕಾಯುವ ಗುಂಪಿನ ಮೊದಲ ಹರಟೆ ಮುಂದಿನ ವಾರ, ಆಗ ನಾನಿರುವುದಿಲ್ಲ. ಎಲ್ಸ್‌ಪೆತ್ ಅವರನ್ನೂ ಕರೆದುಕೊಂಡು ಬೆಂಚಿಗೆ ಹೋದೆ. ಅಲೆಕ್ ಟೈ ಕಟ್ಟಿಕೊಂಡು ಬಂದಿದ್ದರು. ನನ್ನ ಮನಸ್ಸಿನಲ್ಲಿ, ಇಷ್ಟು ವಾರಗಳ ಮಾತನ್ನೆಲ್ಲ ಒಟ್ಟಿಗೆ ಸುರಿಯುತ್ತಾರೆ ಎಂದಿತ್ತು.

ಅವರು ಮೊದಲು ಎಲ್ಸ್‌ಪೆತ್‌ಗೆ, ನಾನು ಒಂದು ವಿಷಯ ಹೇಳಬೇಕು, ನಿಮ್ಮ ಪರೀಕ್ಷೆಯನ್ನು ನಾನು ಕೆಡಿಸಿದ್ದೇನೇನೋ ಎಂದು ಅನುಮಾನ ಎಂದರು. ನಮಗೆ ಅರ್ಥವಾಗಲಿಲ್ಲ.

"ನಮ್ಮನೇವ್ಳು ಮೋರಾಗ್‌ಗೆ ಲಕ್ವ ಹೊಡ್ದು ಮಾತು ನಿಂತೋಯ್ತು" ಎಂದರು. "ಆಮೇಲೂ ಒಂದಷ್ಟು ದಿನ ಇದ್ಲು. ದಿನಾ ಈ ಬೆಂಚಿಗೆ ಕರ್ಕೊಂಡು ಬತ್ತಿದ್ದೆ. ಅವ್ಳು ಮಾತಾಡಂಗಿಲ್ಲ, ನಾನೊಬ್ನೇ ಏನ್ ಮಾತಾಡ್ಲಿ. ಸುಮ್ನೆ ಕೂರ್ತಿದ್ವಿ. ಚೆನ್ನಾಗಿತ್ತು ಅದು. ಅವ್ಳು ಹೋದ್ಮೇಲೆ ಹಂಗೆ ಸುಮ್ನೆ ಕೂರೋರು ಒಬ್ರೂ ಸಿಗ್ಲಿಲ್ಲ. ಬಂದೋರೆಲ್ಲ ಸಮಾಧಾನ ಹೇಳೋಕೆ ಶುರುಮಾಡೋರು."

ನನ್ನ ಕಡೆ ತಿರುಗಿದರು. "ಚೀಟೀಲಿ ನಂಗೇನೂ ಸಿಗ್ಲಿಲ್ಲ ಅಂತ ನಿಂಗೆ ಬೇಜಾರಿತ್ತು. ನಂಗೆ ಬೇಕಾದ್ದು ಸಿಕ್ತು ಕಣಮ್ಮ."

ನಾನು ಎಲ್ಸ್‌ಪೆತ್ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಮಾತನ್ನು ಅವರಿಂದ ದೂರವಿಡಲು ನಾವು ಅಷ್ಟೊಂದು ಕಾವಲು ಕಾದಿದ್ದೆವು. ಸಂಗ ಮಾತ್ರ ನಮ್ಮ ಕಣ್ಣೆದುರಿಗೇ ಬಂದು ಅವರ ಪಕ್ಕದಲ್ಲಿ ಕೂತಿತ್ತು. ಒಳಗೆ ಹರಟಿದವರಿಗೆ ಒಳ್ಳೆಯದಾಗಿದ್ದರೆ ಅದು ಅವರಾಡಿದ ಮಾತಿನಿಂದಲೋ, ವಾರಕ್ಕೊಮ್ಮೆ ಜೊತೆಗೆ ಯಾರೋ ಇದ್ದರು ಎನ್ನುವುದರಿಂದಲೋ? ಇಷ್ಟು ದಿನ ನಾವಿಬ್ಬರೂ ಅದನ್ನು ಕೇಳಿಕೊಂಡೇ ಇರಲಿಲ್ಲ. ನನಗೆ ಒಂದು ಕಡೆ ಯೋಜನೆಯ ಚಿಂತೆಯಾಯಿತು, ಇನ್ನೊಂದು ಕಡೆ ಅಲೆಕ್ ಅವರನ್ನು ತಬ್ಬಿಕೊಳ್ಳಬೇಕು ಎನ್ನಿಸಿತು.

ತನ್ನ ಉತ್ತರಗಳನ್ನು ತೆಗೆದುಹಾಕುತ್ತೀರಾ ಎಂದು ಅಲೆಕ್ ಕೇಳಿದರು. ಅವರ ದನಿಯಲ್ಲಿ ನಿಜವಾದ ಆತಂಕವಿತ್ತು. ತಾನು ಕಾದದ್ದೆಲ್ಲ ವ್ಯರ್ಥವಾಯಿತೇ ಎಂಬ ಭಯ ಅದು.

ಎಲ್ಸ್‌ಪೆತ್, ಅಲೆಕ್ ಕೈ ಹಿಡಿದುಕೊಂಡು ನಿಧಾನವಾಗಿ ವಿವರಿಸಿದರು. ಯಾರ ಉತ್ತರವನ್ನೂ ತೆಗೆದುಹಾಕುವುದಿಲ್ಲ. ಚೀಟಿ ಯಾವ ಗುಂಪಿಗೆ ಹಾಕಿತೋ ಆ ಗುಂಪಿನಲ್ಲೇ ಲೆಕ್ಕ. ಬೆಂಚಿನ ವಿಷಯವನ್ನೂ ವರದಿಯಲ್ಲಿ ಬರೆಯುತ್ತೇವೆ. "ಒಬ್ಬರಿಂದ ಏನನ್ನೂ ತೀರ್ಮಾನ ಮಾಡೋಕೆ ಆಗಲ್ಲ ಅಲೆಕ್. ಆದರೆ ಮುಂದಿನ ಸಲ ಏನು ಕೇಳಬೇಕು ಅಂತ ನೀವು ಹೇಳಿಕೊಟ್ಟಿರಿ. ಮೂರನೇ ಗುಂಪು ಬೇಕು ನಮಗೆ. ಸುಮ್ಮನೆ ಜೊತೆಗೆ ಕೂರೋ ಗುಂಪು."

ಆ ಗುಂಪನ್ನು ಕಡೂರಿನಲ್ಲಂತೂ ಮಾಡಲಾಗುವುದಿಲ್ಲ ಎಂದು ನಾನು ತಕ್ಷಣ ಹೇಳಿದೆ. ಎಲ್ಸ್‌ಪೆತ್ ನಗತೊಡಗಿದರು. ಅಲೆಕ್‌ಗೆ ಯಾಕೆ ನಗುತ್ತಿದ್ದೇವೆ ಎಂದು ತಿಳಿಯಲಿಲ್ಲ, ಆದರೆ ಅವರ ಮುಖ ಹಗುರವಾಯಿತು. ಎಲ್ಸ್‌ಪೆತ್ ಅಲೆಕ್‌ಗೆ, ಈಗ ನಿಮ್ಮ ಸರದಿ, ಏನು ಬೇಕಾದರೂ ಹೇಳಿ ಎಂದರು.

ಅವರು ಬೇಡವೆಂದು ತಲೆಯಾಡಿಸಿದರು. ತನ್ನ ಮಾತು ಮುಂದಿನ ವಾರ ಇದ್ದೇ ಇದೆ, ಈಕೆ ನಾಳೆ ಹೋಗಿಬಿಡುತ್ತಾಳೆ, ಇಷ್ಟು ದಿನ ಪಕ್ಕದಲ್ಲಿ ಕೂತವಳ ಊರು ಯಾವುದೆಂದು ಕೂಡ ತನಗೆ ಗೊತ್ತಿಲ್ಲ, ಮೊದಲು ಈಕೆ ಮಾತಾಡಲಿ ಎಂದರು.

ನಾನು ಎಷ್ಟೋ ಅಜ್ಜ ಅಜ್ಜಿಯರನ್ನು ಎಷ್ಟೋ ಪ್ರಶ್ನೆ ಕೇಳಿದ್ದೇನೆ. ಪ್ರಶ್ನೆ ನನ್ನ ಕಡೆ ತಿರುಗಿದ್ದು ಅದೇ ಮೊದಲು. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ಸಭಾಂಗಣದ ಮೊದಲ ದಿನದವರ ಹಾಗೆಯೇ, ಇದೇನೂ ಸ್ವಾರಸ್ಯದ ವಿಷಯವಲ್ಲ ಎಂದು ಕ್ಷಮೆ ಕೇಳಿಕೊಂಡೆ. ಆಮೇಲೆ ಬುಕ್ಕಾಂಬುಧಿಯ ಕೆರೆಯಿಂದ ಶುರುಮಾಡಿದೆ. ಅಜ್ಜಂಪುರದ ನಮ್ಮ ಮನೆಯಿಂದ ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ದು ಕೆರೆ ಏರಿಯ ಮೇಲೆ ಸೈಕಲ್ ಕಲಿಸಿದ್ದು, ಒಂದು ಕಡೆ ನೀರು ಇನ್ನೊಂದು ಕಡೆ ಗದ್ದೆ, ಯಾವ ಕಡೆ ಬಿದ್ದರೆ ಕಡಿಮೆ ಪೆಟ್ಟು ಎಂದು ಅಪ್ಪ ಓಡುತ್ತಲೇ ವಿವರಿಸಿದ್ದು, ನಾನು ನೀರಿನ ಕಡೆಯೇ ಬಿದ್ದದ್ದು. ಅಲೆಕ್ ಮೊಣಕಾಲು ತಟ್ಟಿಕೊಂಡು ನಕ್ಕರು.

ಕೆರೆ ಎಷ್ಟು ದೊಡ್ಡದು ಎಂದು ಕೇಳಿದರು.

ನಾನು ಎದುರಿಗಿದ್ದ ಸಮುದ್ರವನ್ನು ಈ ಕಡೆಯಿಂದ ಆ ಕಡೆಯವರೆಗೆ ಒಮ್ಮೆ ನೋಡಿ, ಒಳ್ಳೆ ಮಳೆಯಾದ ವರ್ಷ ಸುಮಾರು ಇಷ್ಟೇ ಕಾಣುತ್ತದೆ ಎಂದೆ.

ಹೌದಾ ಎಂದು ಅಲೆಕ್ ಎಲ್ಸ್‌ಪೆತ್ ಕಡೆ ತಿರುಗಿದರು. ಆ ಕೆರೆಯನ್ನು ಎಲ್ಸ್‌ಪೆತ್ ಕಣ್ಣಾರೆ ಕಂಡವರು, ನನ್ನ ಜೊತೆಗೇ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದವರು. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಆಮೇಲೆ ನನ್ನ ಡಬ್ಬಿಯಿಂದ ಒಂದು ಕೋಡುಬಳೆ ತೆಗೆದು ಬಾಯಿಗೆ ಹಾಕಿಕೊಂಡು, ಮಾತಾಡಲು ಆಗುತ್ತಿಲ್ಲ ಎಂದು ಕೈಸನ್ನೆ ಮಾಡಿದರು.